ಎಲ್ಲಾ ಕ್ಷೇಮ ಎಂಬ ಎರಡು ಮಾತು

ತಪ್ಪು ಮಾಡಿ ಯಾರಿಗೂ ಗೊತ್ತಾಗದಂತೆ ಮುಚ್ಚಿಡುವ ಭಾಗ್ಯ ಕೆಲವರಿಗಿರುತ್ತದೆ. ನನಗಿಲ್ಲ. ನನ್ನ ತಪ್ಪುಗಳಿಗೆ ಯಾವಾಗಲೂ ಕನಿಷ್ಠ ಒಂದು ಬಸ್ಸಿನಷ್ಟು ಜನ ಸಾಕ್ಷಿ. ನಿವೃತ್ತನಾಗಿ ಹಾಯಾಗಿದ್ದೇನೆ, ಮಾತಾಡಲು ಬೇಕಾದಷ್ಟು ಹೊತ್ತಿದೆ. ಆದರೂ ಸ್ನಾನಕ್ಕೆ ನೀರು ಸುರಿದುಕೊಳ್ಳುವಾಗ ಯಾವುದೋ ಹಳೆಯದು ನೆನಪಾಗಿ "ಅಯ್ಯೋ" ಅಂದುಬಿಡುತ್ತೇನೆ. ಮನೆಯಾಕೆ ಹೊರಗಿನಿಂದ "ನೀರು ಬಿಸಿ ಹೆಚ್ಚಾಯ್ತೇನ್ರೀ?" ಅನ್ನುತ್ತಾಳೆ. "ನೀರಲ್ಲ ಕಣೇ, ನ್ಯಾಮತಿ" ಅನ್ನುತ್ತೇನೆ.

ಅದು ಎರಡನೆಯ ಮಹಾಯುದ್ಧದ ಕಾಲ. ಮೈಸೂರಿನಲ್ಲಿ ಬಿ.ಎ. ಮುಗಿಸಿ, ಚನ್ನಗಿರಿಯ ಒಬ್ಬ ಸಾಹುಕಾರರ ಹತ್ತಿರ ಇಂಗ್ಲಿಷ್ ಕಾಗದಪತ್ರ ಬರೆಯುವ ರೈಟರಾಗಿ ಸೇರಿದ್ದೆ. ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಗೆಲ್ಲ ಅವರ ಬಸ್ಸುಗಳು ಓಡುತ್ತಿದ್ದವು. ವರ್ತಕರಲ್ಲಿ ಏನೇ ತಂಟೆ ಬಂದರೂ ಅವರ ಜಗಲಿಗೇ ಬರಬೇಕು. ಅವರು ಮೊಮ್ಮಗಳಿಗೆ ಜಡೆ ಹೆಣೆಯುತ್ತ ಕೂತು ನ್ಯಾಯ ಹೇಳುತ್ತಿದ್ದರು. ಜಡೆ ಮುಗಿಯುವುದರೊಳಗೆ ತಂಟೆಯೂ ಮುಗಿಯುತ್ತಿತ್ತು.

ಅವರದೊಂದು ಪದ್ಧತಿ. ಮನೆಯವರು, ಡ್ರೈವರು, ಕಂಡಕ್ಟರು, ತಮ್ಮವರು ಅಂದುಕೊಂಡವರಿಗೆಲ್ಲ "ಬಾರೋ", "ಕುಂದ್ರೋ". ಹೊರಗಿನವರಿಗೆ ಮಾತ್ರ "ಬರ್ರಿ, ಕುಂದ್ರಿ". ನನಗೆ ಮೊದಲ ದಿನವೇ ಹೇಳಿದರು: "ಒಂದು ವರ್ಷ ನೋಡಾನ ರೀ ಬಿ.ಎ.ನೋರೆ. ನಮ್ಮೋರಾದ್ರೆ ಇರ್ರಿ. ಆಗ್ಲಿಲ್ಲ ಅಂದ್ರೆ, ನಿಮ್ಮೂರಿಗೆ ಹೋಗಾಕೆ ನಮ್ಮ ಬಸ್ಸೇ ಐತೆ."

ಅಂದಿನಿಂದ ನಾನು ಕಾದದ್ದು ಸಂಬಳಕ್ಕಲ್ಲ, ಒಂದು "ಲೋ"ಗೆ.

೧. ಚನ್ನಗಿರಿ: ಕ್ಷೇಮಕ್ಕೆ ಕತ್ತರಿ

ಮೊದಲ ಕೆಲಸವೇ ಜಗಳೂರಿನ ಏಜೆಂಟರಿಗೆ ತಂತಿ ಬರೆಯುವುದು. ಸಾಹುಕಾರರು ಹೇಳತೊಡಗಿದರು: "ಇತ್ತ ಎಲ್ಲಾ ಕ್ಷೇಮ. ಮೊಮ್ಮಗಳ ಮುಂದಿನ ಹಲ್ಲು ಬಿದ್ದೈತೆ. ಅತ್ತ ನಿಮ್ಮ ಕ್ಷೇಮ ತಿಳಿಸ್ರಿ. ಟೈರು ಕಳಿಸ್ರಿ."

ನಾನು ಪೆನ್ನು ಕೆಳಗಿಟ್ಟು ನಕ್ಕೆ. "ಟೆಲಿಗ್ರಾಂನಲ್ಲಿ ಒಂದೊಂದು ಮಾತಿಗೂ ಕಾಸು. ಹಲ್ಲು ಗಿಲ್ಲು ಎಲ್ಲ ಬರೆಯೋದಿಲ್ಲ. 'ಟೈರು ಕಳಿಸಿ' ಅಂದರೆ ಮುಗೀತು."

"ಅಲ್ರೀ, ತಂತಿ ಬಂತು ಅಂದ್ರೆ ಸಾಕು, ಒಡೆಯಾಕೆ ಮುಂಚೇನೇ ಹೆಣ್ಮಕ್ಳು ಅಳಾಕೆ ಹತ್ತುತಾರೆ. ಮೊದಲು ಕ್ಷೇಮ ಹೇಳದಿದ್ರೆ ಹೆಂಗೆ?"

"ವಿದ್ಯಾವಂತರು ಹಾಗೆ ಬರೆಯೋದಿಲ್ಲ" ಅಂದೆ. ಎಷ್ಟು ಗತ್ತಿನಿಂದ ಅಂದೆ ಎಂದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಸಾಹುಕಾರರು ಒಪ್ಪಿದರು. ಆಮೇಲೆ ಅಡಿಗೆಮನೆ ಕಡೆ ತಿರುಗಿ ಹೆಂಡತಿಗೆ ಕೂಗಿ ಹೇಳಿದರು: "ಕೇಳಿದೇನೇ? ವಿದ್ಯಾವಂತರು ಕ್ಷೇಮವಾಗಿರಾದಿಲ್ಲವಂತೆ!"

೨. ಹೊನ್ನಾಳಿ: ದುಭಾಷಿ

ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿಗೆ ತಿರುಗಿದ್ದವು. ಬಸ್ಸಿನ ಬೆನ್ನಿಗೆ ಹಂಡೆಯಂಥದೊಂದು ಒಲೆ, ಅದರಲ್ಲಿ ಇದ್ದಿಲು ಉರಿಸಿ ಬಂದ ಅನಿಲದಲ್ಲಿ ಬಸ್ಸು ಓಡಬೇಕು. ಇಳಿದವರ ಮುಖ ಹತ್ತಿದಾಗ ಇದ್ದ ಬಣ್ಣದಲ್ಲಿ ಇರುತ್ತಿರಲಿಲ್ಲ. ಇಂಥ ಬಸ್ಸಿಗೆ ಪರ್ಮಿಟ್ ಕೊಡಲು ಸೂಟುಬೂಟಿನ ಅಧಿಕಾರಿಯೊಬ್ಬರು ಹೊನ್ನಾಳಿಗೆ ಬಂದರು.

ಸಾಹುಕಾರರು ಕೈಮುಗಿದು, "ಸ್ವಾಮಿ, ಬಸ್ಸು ಹತ್ತಿದೋರು ನಮಗೆ ಬೀಗರಿದ್ದಂಗೆ. ದಾರೀಲಿ ಬಿಟ್ಟು ಬರಾದಿಲ್ಲ" ಅಂದರು.

ನಾನು ಮುಂದೆ ಬಂದು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಸಣ್ಣದಾಗಿ ಅಲ್ಲ. ಕಾಲೇಜಿನಲ್ಲಿ ಕಲಿತ ದೊಡ್ಡ ದೊಡ್ಡ ಪದಗಳನ್ನೆಲ್ಲ ಅಲ್ಲೇ ಇಳಿಸಿದೆ. ಉಸಿರು ಕಟ್ಟಿ ನಿಂತಾಗ ಸುತ್ತಲಿನವರ ಬಾಯಿ ತೆರೆದೇ ಇತ್ತು.

ಅಧಿಕಾರಿ ಕನ್ನಡಕ ಒರೆಸಿಕೊಂಡು ಅಚ್ಚ ಕನ್ನಡದಲ್ಲಿ ಹೇಳಿದರು: "ಯಜಮಾನ್ರು ಅಂದಿದ್ದು ತಿಳೀತು. ನಮ್ಮದೂ ಇಲ್ಲೇ ಹೊಳೆ ಆಚೆ ಊರು. ಇವರು ಅಂದಿದ್ದು ಏನು, ಯಾರಾದ್ರೂ ಸ್ವಲ್ಪ ಕನ್ನಡದಲ್ಲಿ ಹೇಳ್ರಪ್ಪ."

೩. ನ್ಯಾಮತಿ: ಒಳಗೆ ಕೂತವರು

ನ್ಯಾಮತಿ ಹತ್ತಿರದ ಏರಿನಲ್ಲಿ ಬಸ್ಸು ನಿಂತಿತು. ಡ್ರೈವರು "ಗಂಡಸರೆಲ್ಲ ಇಳೀರಿ, ತಳ್ರಿ" ಅಂದ. ಎಲ್ಲರೂ ಇಳಿದರು. ನಾನು ಇಳಿಯಲಿಲ್ಲ. ಇಸ್ತ್ರಿ ಮಾಡಿದ ಕೋಟು, ಜೊತೆಗೆ ಬಿ.ಎ. ಮುಂದಿನ ಸೀಟಿನಲ್ಲಿ ಪತ್ರಿಕೆ ಬಿಡಿಸಿಕೊಂಡು ಕೂತೆ.

ಹಿಂದಿನಿಂದ ಮಾತು ಕೇಳುತ್ತಿತ್ತು.

"ಒಳಗ್ಯಾರೋ ಅದು, ಮಾರಾಯ, ಮೂಟೆ ಕುಂತಂಗೆ ಕುಂತೋರು?"

"ಸಾವ್ಕಾರ್ರೇ ಇರಬೇಕು. ಬಸ್ಸು ಅವರದಲ್ಲೇನು?"

"ಹೌದ್ಹೌದು, ಸಾವ್ಕಾರ್ರೇ" ಎಂದಿತು ಏದುಸಿರಿನ ಮೂರನೆಯ ದನಿ. "ಭಾಳ ದೊಡ್ಡೋರು. ಹೂಂ, ತಳ್ರಿ!"

ಆ ದನಿ ಎಲ್ಲೋ ಕೇಳಿದಂತಿದೆಯಲ್ಲ ಎಂದು ಕಿಟಕಿಯಿಂದ ಹಣಿಕಿದೆ. ಹಿಂದಿನ ಹಳ್ಳಿಯಲ್ಲಿ ಮಗಳನ್ನು ನೋಡಿಕೊಂಡು, ನನ್ನ ಕಣ್ಣಿಗೆ ಬೀಳದೆ ದಾರಿಯಲ್ಲಿ ಬಸ್ಸು ಹತ್ತಿದ್ದ ಸಾಹುಕಾರರು, ಗುರುತು ಸಿಗದಷ್ಟು ಮಸಿ ಮುಖದಲ್ಲಿ, ಕಚ್ಚೆ ಬಿಗಿದು ತಳ್ಳುತ್ತಿದ್ದರು. ನಾನು ಧಡಾರನೆ ಹಾರಿ ಹೋಗಿ ಅವರ ಪಕ್ಕದಲ್ಲಿ ಕೈ ಹಚ್ಚಿದೆ. ಅಷ್ಟರಲ್ಲಿ ಬಸ್ಸು ಶುರುವಾಗಿ ಮುಂದಕ್ಕೆ ಹೋಯಿತು. ನಾನು ತಳ್ಳಿದ್ದು ಬರೀ ಗಾಳಿಯನ್ನು.

"ಇಳಿದ್ಯಾಕೆ ಬಂದ್ರಿ? ಕುಂದ್ರಿ, ಕುಂದ್ರಿ" ಅಂದರು ಸಾಹುಕಾರರು. ಆ "ರಿ" ಬೈಗುಳಕ್ಕಿಂತ ಜೋರಾಗಿ ತಾಕಿತು.

೪. ಜಗಳೂರು: ಪೂರ್ಣವಿರಾಮ

ಹನ್ನೊಂದು ತಿಂಗಳಾಗಿತ್ತು. "ಲೋ" ಬಂದಿರಲಿಲ್ಲ. ಜಗಳೂರಿನ ಏಜೆಂಟರು ರಜೆ ಹಾಕಿದ್ದರಿಂದ ಅವರ ಜಾಗಕ್ಕೆ ನನ್ನನ್ನು ಕಳಿಸಿದ್ದರು. ಊರಿನಲ್ಲಿ ಇಂಗ್ಲಿಷ್ ಓದುವವರು ಬೇರೆ ಸಿಗದಿದ್ದಾಗ ನಾನೇ ದಿಕ್ಕು. ಒಂದು ಬೆಳಗ್ಗೆ ಚನ್ನಗಿರಿಯಿಂದ ತಂತಿ ಬಂತು. ಒಟ್ಟು ಐದೇ ಮಾತು:

"ಸಾಹುಕಾರ್ ಎಕ್ಸ್‌ಪೈರ್ಡ್ ಪರ್ಮಿಟ್ ಸೆಂಡ್ ಬಸ್."

ನಾನು ಎರಡನೆಯ ಮಾತು ಆದಮೇಲೆ ಮನಸ್ಸಿನಲ್ಲೇ ಒಂದು ಪೂರ್ಣವಿರಾಮ ಇಟ್ಟೆ. ಸಾಹುಕಾರರು ತೀರಿಕೊಂಡರು. ಮಿಕ್ಕ ಮೂರು ಮಾತು ಕಣ್ಣೀರಿನಲ್ಲಿ ಮಸುಕಾಗಿ ಕಂಡವು. ಪರ್ಮಿಟ್ ಗಿರ್ಮಿಟ್ ನೋಡದೆ ಬಸ್ಸು ಕಳಿಸಿ ಅನ್ನುತ್ತಿದ್ದಾರೆ, ಸುತ್ತಲ ಊರುಗಳಿಂದ ಜನರನ್ನು ಅಲ್ಲಿಗೆ ಕರೆತರಬೇಕಲ್ಲ, ಅಂದುಕೊಂಡೆ. ಏಜೆಂಟರ ಜಾಗ ಬಿಟ್ಟು ನಾನು ಹೋಗುವಂತಿರಲಿಲ್ಲ. ಬಸ್ಸಿಗೆ ಹೂವಿನ ಹಾರ ಹಾಕಿಸಿ, ಖಾಲಿಯಾಗಿಯೇ ಚನ್ನಗಿರಿಗೆ ಅಟ್ಟಿದೆ. ಡ್ರೈವರು ಮೂಗು ಒರೆಸಿಕೊಳ್ಳುತ್ತಲೇ ಹೋದ. ಪೇಟೆಯೆಲ್ಲ ಬಾಗಿಲು ಹಾಕಿತು. ಮರುದಿನ ಸಂಜೆ ಬಸ್‌ಸ್ಟ್ಯಾಂಡಿನ ಮುಂದೆ ಶೋಕಸಭೆ.

ನಾನು ಮೇಜಿನ ಮೇಲೆ ಹತ್ತಿ ಮಾತಾಡಿದೆ. ಬರೆದುಕೊಂಡದ್ದು ಮರೆತುಹೋಗಿತ್ತು. "ಅಂಥ ಗೃಹಸ್ಥರು ಎಲ್ಲಿದ್ದಾರೆ? ಜಡೆ ಹೆಣೆಯುತ್ತ ನ್ಯಾಯ ಹೇಳಿದವರು. ತಮ್ಮ ಬಸ್ಸನ್ನು ತಾವೇ ತಳ್ಳಿದವರು. ಆವತ್ತು ಒಳಗೆ ಕೂತಿದ್ದ ಮೂಟೆ ಯಾರು ಗೊತ್ತೇ? ನಾನು! ಅವರ ಬಾಯಲ್ಲಿ ಒಂದು 'ಲೋ' ಅನ್ನಿಸಿಕೊಳ್ಳುವ ಪುಣ್ಯವೂ ನನಗೆ ಬರಲಿಲ್ಲ..." ಎಂದು ಗೊಳೋ ಅಂದೆ.

ಅಷ್ಟರಲ್ಲಿ ಜನರ ಹಿಂದೆ ಒಂದು ಬಸ್ಸು ಬಂದು ನಿಂತದ್ದನ್ನು ನಾನು ಗಮನಿಸಿರಲಿಲ್ಲ. ಕಂಬಳಿ ಹೊದ್ದ, ಮುಖವೆಲ್ಲ ಇದ್ದಿಲ ಮಸಿಯಾದ ಒಬ್ಬ ಮುದುಕ ಹಿಂದಿನಿಂದ ಕೂಗಿದ:

"ಕ್ಷೇಮಕ್ಕೆ ಕತ್ತರಿ ಹಾಕಿದ್ದನ್ನೂ ಹೇಳೋ!"

ನನಗೆ ರೇಗಿಹೋಯಿತು. "ಯಾರಯ್ಯಾ ಅದು? ಸತ್ತವರಿಗೆ ಮರ್ಯಾದೆ ಬೇಡವೇ?"

"ಸತ್ತೋನೇ ಕಣೋ ನಾನು!"

ಮುಂದಿನ ಸಾಲಿನವರು ಹಿಂದಕ್ಕೂ ಹಿಂದಿನ ಸಾಲಿನವರು ಮುಂದಕ್ಕೂ ಓಡಿದರು. ನಡುವೆ ಸಾಹುಕಾರರು ಕಂಬಳಿಯಲ್ಲಿ ಮುಖ ಒರೆಸಿಕೊಳ್ಳುತ್ತ ನಡೆದು ಬಂದರು. ಕಾಗದದಲ್ಲಿ ಮೊದಲು ನಮ್ಮ ಹೆಸರು ಬರೆಯುವುದು ನಮ್ಮ ಕಡೆಯ ರೂಢಿ. ಅವರೂ ತಂತಿಯಲ್ಲಿ ಹಾಗೇ ಬರೆಸಿದ್ದರು: ಸಾಹುಕಾರರಿಂದ, ಅವಧಿ ತೀರಿದ ಪರ್ಮಿಟ್ಟನ್ನು ಬಸ್ಸಿನಲ್ಲಿ ಕಳಿಸಿ. ತೀರಿದ್ದು ಪರ್ಮಿಟ್ಟು!

"ಹೊಸ ಪರ್ಮಿಟ್ ಮಾಡಸಾಕೆ ಹಳೇದು ಕೇಳಿದೆ" ಅಂದರು. "ಬಸ್ಸು ಬಂತು, ಹಾರ ಹಾಕ್ಕೊಂಡು. ಡ್ರೈವರು ನನ್ನ ನೋಡಿ ನನ್ನ ಕಾಲಮೇಲೇ ಬಿದ್ದ. ಪರ್ಮಿಟ್ ಎಲ್ಲೋ ಅಂದ್ರೆ, 'ನಿಮಗೆ ಮೇಲಿನ ಲೋಕದ ಪರ್ಮಿಟ್ಟೇ ಬಂದಿತ್ತಂತಲ್ಲ ಬುದ್ಧೀ' ಅಂದ. 'ಎಲ್ಲಾ ಕ್ಷೇಮ' ಅಂತ ಎರಡು ಮಾತು ಬರೆಯಾಕೆ ಬಿಟ್ಟಿದ್ರೆ, ನಾನು ಸಾಯ್ತಿದ್ನೇನೋ?"

ನಾನು ತಲೆ ತಗ್ಗಿಸಿ, "ನಮ್ಮೂರಿನ ಬಸ್ಸು ಎಷ್ಟು ಹೊತ್ತಿಗೆ?" ಎಂದು ಕೇಳಿದೆ.

"ಯಾವೂರು? ಹಿಂಗೆ ಅಳೋನು ಹೊರಗಿನೋನಲ್ಲ. ಇಳಿಯೋ ಲೋ, ಮೇಜು ಮುರಿದೀಯ."

ಆಮೇಲೆ ಆ ಮನೆಯ ತಂತಿಗಳಲ್ಲಿ ಕ್ಷೇಮ ತಪ್ಪಲಿಲ್ಲ. ಕೆಲವು ವರ್ಷಗಳ ನಂತರ, ನಾನು ಜಗಳೂರಿಗೆ ಕಾಯಂ ಏಜೆಂಟನಾಗಿದ್ದಾಗ, ಅವರ ಮಗನಿಂದ ಒಂದು ತಂತಿ ಬಂತು. ರೂಢಿ ನೋಡಿ, ಆ ಗಾಬರಿಯಲ್ಲೂ ಮೊದಲು "ಎಲ್ಲಾ ಕ್ಷೇಮ", ಆಮೇಲೆ "ಅಪ್ಪ ಎಕ್ಸ್‌ಪೈರ್ಡ್". ಪೂರ್ಣವಿರಾಮವನ್ನು ಎಲ್ಲೆಲ್ಲೋ ಇಟ್ಟು ನೋಡಿದೆ. ಅರ್ಥ ಬದಲಾಗಲಿಲ್ಲ. ಆದರೂ ನಂಬದೆ ಚನ್ನಗಿರಿಗೆ ಹೋಗಿ, ಕಣ್ಣಾರೆ ಕಂಡು, ಮಣ್ಣು ಹಾಕಿ ಬಂದೆ.

ಮತ್ತೆ ಅದೇ ಬಸ್‌ಸ್ಟ್ಯಾಂಡಿನ ಮುಂದೆ ಶೋಕಸಭೆ, ಅದೇ ಮೇಜು. ನಾನು ಹತ್ತಿ ನಿಂತು "ಅಂಥ ಗೃಹಸ್ಥರು..." ಅಂದೆನೋ ಇಲ್ಲವೋ, ಸಭೆಗೆ ಸಭೆಯೇ ಕತ್ತು ಹೊರಳಿಸಿ ರಸ್ತೆಯ ಕಡೆ ನೋಡಿತು.

ಮಣ್ಣು ಹಾಕಿ ಬಂದಿದ್ದ ನಾನೂ ನೋಡಿದೆ.