ಟಗರಿನ ಕರಾರು

ಲಂಡನ್ ಬಂದರಿನ ಹಡಗುಗಳು ಲಂಗರು ಎತ್ತುವ ಮೊದಲು ಮಂಡ್ಯದ ಗುತ್ತಲಿಗೆ ತಂತಿ ಕೊಟ್ಟು, "ರೇವಣ್ಣನವರೇ, ಹೊರಡಬಹುದೇ?" ಎಂದು ಕೇಳುತ್ತಿದ್ದವು. ರೇವಣ್ಣ ಹಲ್ಲುಜ್ಜಿ, ಕಾಫಿ ಕುಡಿದು, "ಹೊರಡಿ" ಎಂದ ಮೇಲೆಯೇ ಸಮುದ್ರದಲ್ಲಿ ಅಲೆ ಏಳುತ್ತಿತ್ತು. ಇದನ್ನು ಊರಲ್ಲಿ ಯಾರೂ ನಂಬಲಿಲ್ಲ. ಮಳವಳ್ಳಿಯ ಸೋದರಮಾವ ಕೆಂಪಸಿದ್ದಯ್ಯ ಮಾತ್ರ ಅರ್ಧ ನಂಬಿದ. ತೊಂದರೆ ಶುರುವಾದದ್ದೇ ಆ ಅರ್ಧದಿಂದ.

ರೇವಣ್ಣ ಪೂನಾದಲ್ಲಿ ಲಾ ಓದುತ್ತಿದ್ದ. ಮೂವತ್ತೊಂಬತ್ತನೆಯ ಇಸವಿಯ ಬೇಸಿಗೆ ರಜಕ್ಕೆ ಬಂದವನ ಟ್ರಂಕಿನಲ್ಲಿ ಎರಡು ಅಂಗಿ, ಒಂದು ಪುಸ್ತಕ. ದೇಶದೇಶಗಳ ನಡುವೆ ಸರಕು ಮಾರುವ ಕಾನೂನಿನ ಆ ಪುಸ್ತಕ ಎಷ್ಟು ದಪ್ಪವೆಂದರೆ, ಅದನ್ನಿಟ್ಟ ಕಡೆಗೆ ರೈಲು ವಾಲಿಕೊಂಡೇ ಮದ್ದೂರು ದಾಟಿತ್ತು.

ಅಪ್ಪ ಅಂಕಯ್ಯನಿಗೆ ಆ ದಪ್ಪ ಹಿಡಿಸಲಿಲ್ಲ. "ಓದಿದ್ದು ಸಾಕು, ಆರಂಬ ನೋಡ್ಕೊ" ಎಂದುಬಿಟ್ಟಿದ್ದ. ಅವನ ಮನಸ್ಸು ತಿರುಗಿಸಬಲ್ಲವನು ಭೂಮಿಯ ಮೇಲೆ ಕೆಂಪಸಿದ್ದಯ್ಯ ಒಬ್ಬನೇ. ಅವನು ಹೇಳಿದರೆ ಜೂನ್ ತಿಂಗಳಿಗೆ ಪೂನಾ, ಹೇಳದಿದ್ದರೆ ನೇಗಿಲು. ಹಾಗಾಗಿ ರೇವಣ್ಣ ಮಾವನ ಜಗಲಿಯಲ್ಲಿ ಕೂತು, "ಇನ್ನೊಂದೇ ವರ್ಷ ಮಾವ, ಆಮೇಲೆ ಏಳು ಸಮುದ್ರದ ವ್ಯಾಪಾರವೂ ನನ್ನ ರುಜು ಇಲ್ಲದೆ ನಡೆಯುವುದಿಲ್ಲ" ಎಂದು ಬಿಡುತ್ತಿದ್ದ.

"ಅಂಗಾದ್ರೆ ನನ್ ಟಗರಿಗೂ ಒಂದ್ ಕರಾರು ಬರ್ದುಕೊಡ್ಲಾ," ಎಂದ ಮಾವ. "ಕೊಳ್ಳೇಗಾಲದ ಕಡೆ ಚಿಕ್ಕಬೋರಯ್ಯಂಗೆ ಮಾರಿವ್ನಿ. ನಿನ್ ಕಾಗ್ದದ ಪ್ರಕಾರ ಟಗರು ಒಳೆ ದಾಟ್ಲಿ, ನಿಮ್ಮಪ್ಪಂಗೆ ನಾನ್ ಏಳ್ತೀನಿ."

ರೇವಣ್ಣ ಜಗಲಿಯಿಂದ ಎದ್ದೇಬಿಟ್ಟ. ಕಾವೇರಿಯ ಈಚೆ ದಡ ಮಹಾರಾಜರದು, ಆಚೆ ದಡ ಇಂಗ್ಲಿಷರ ಮದರಾಸು ಪ್ರಾಂತ್ಯದ್ದು. "ಮಾವ, ಇದು ಬರಿಯ ಟಗರಲ್ಲ, ರಫ್ತು!"

ಬೆಲೆಯೇನೋ ಟವಲಿನ ಮರೆಯಲ್ಲಿ ಮುಗಿದಿತ್ತು. ಆ ಸೀಮೆಯ ದನಕುರಿ ವ್ಯಾಪಾರವೇ ಹಾಗೆ. ಬಾಯಿ ಬಿಡದೆ, ಟವಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಎಷ್ಟೆಂದು ತಿಳಿಸುವುದು. ಅಲ್ಲಿ ಸುಳ್ಳು ಹೇಳಿದವನಿಗೆ, ಹಿಡಿದದ್ದನ್ನು ಬಿಟ್ಟವನಿಗೆ, ಮುಂದೆ ಯಾರೂ ಕೈ ಕೊಡುವುದಿಲ್ಲ.

"ಬೆರಳಿಗೆ ಸಾಕ್ಷಿ ಯಾರು?" ಎಂದು ರೇವಣ್ಣ ನಕ್ಕು, ರಾಗಿಮುದ್ದೆ ಆರುವಷ್ಟರಲ್ಲಿ ಹದಿನೇಳು ಪುಟ ಬರೆದ. ಸರಕು ಹಡಗಿನ ಅಂಚು ದಾಟುವವರೆಗೆ ನಷ್ಟ ಮಾರಿದವನದು, ದಾಟಿದ ಮೇಲೆ ಕೊಂಡವನದು ಎಂದು ಪುಸ್ತಕದಲ್ಲಿತ್ತು. ರೇವಣ್ಣ ಹಡಗಿನ ಜಾಗದಲ್ಲಿ ಹರಿಗೋಲು ಎಂದು ಬರೆದು ಮೀಸೆ ತಿರುವಿದ.

ಮಾರನೆಯ ಬೆಳಿಗ್ಗೆ ಎಲ್ಲರೂ ಹೊಳೆಯ ದಡದಲ್ಲಿ ಸೇರಿದರು. ಟಗರು ಸಾಮಾನ್ಯದ್ದಲ್ಲ, ಅದು ಸೀನಿದರೆ ಆಚೆ ದಡದವರು ಛತ್ರಿ ಬಿಚ್ಚುತ್ತಿದ್ದರು. ರೇವಣ್ಣ ಕರಾರು ಓದತೊಡಗಿದ. ಆರನೆಯ ಪುಟಕ್ಕೆ ಹರಿಗೋಲಿನ ಪುಟ್ಟಮಾದಯ್ಯ ಆಕಳಿಸಿದ.

"ನೀನ್ ಓದಿ ಮುಗ್ಸೋಷ್ಟೊತ್ಗೆ ಒಳೇನೇ ಬತ್ತೋಯ್ತದೆ ಕಣಪ್ಪಾ."

ಬಟ್ಟೆ ಒಗೆಯುತ್ತಿದ್ದ ಮಂಗಳಮ್ಮ ತಲೆಯೆತ್ತಿದಳು. "ಟಗರಿಗೂ ಓದಿ ಏಳ್ರಪ್ಪಾ. ಅದೂ ರುಜು ಆಕ್ಲಿ!"

ಅಂತೂ ಟಗರು ಮುಂಗಾಲೆರಡನ್ನು ಹರಿಗೋಲಿನೊಳಗೆ ಇಟ್ಟಿತು. ಹರಿಗೋಲು ತೂಗಾಡಿತು. ಟಗರು ನಿಂತು ಯೋಚಿಸಿತು. ಹಿಂದಿನಿಂದ ಕೆಂಪಸಿದ್ದಯ್ಯ ತಳ್ಳಿದ, ಒಳಗಿನಿಂದ ಚಿಕ್ಕಬೋರಯ್ಯ ಹಗ್ಗ ಎಳೆದ.

"ನಿಲ್ಲಿ!" ಎಂದು ರೇವಣ್ಣ ಕೂಗಿದ. "ಅಂಚು ದಾಟುವ ಮೊದಲು ಕೊಂಡವರು ಸರಕು ಮುಟ್ಟಕೂಡದು. ಒಂಬತ್ತನೆಯ ಕಲಮು!"

ಚಿಕ್ಕಬೋರಯ್ಯ ಬೆಚ್ಚಿ ಹಗ್ಗ ಬಿಟ್ಟ. ಟಗರು ಗಿರ್ರನೆ ತಿರುಗಿ, ಮಾವನನ್ನು ನೀರಿಗೂ ಸೋದರಳಿಯನನ್ನು ಮಂಗಳಮ್ಮನ ಬಟ್ಟೆರಾಶಿಗೂ ಕೆಡವಿ, ದಡ ಹತ್ತಿ ಪೊದೆಗಳಲ್ಲಿ ಮಾಯವಾಯಿತು.

"ಮುಂಗಾಲು ಒಳಕ್ ಓಗಿದ್ವು. ತಪ್ಪಿಸ್ಕೊಂಡದ್ದು ನಿನ್ ಟಗರು!" ಎಂದ ಕೆಂಪಸಿದ್ದಯ್ಯ, ನೀರು ಹಿಂಡಿಕೊಳ್ಳುತ್ತ.

"ಇಂಗಾಲು ಮಣ್ಣಲ್ಲೇ ಇದ್ವು ಕಣಯ್ಯ. ಅದು ನಿಂದೇಯ!" ಎಂದ ಚಿಕ್ಕಬೋರಯ್ಯ.

"ತಲೆ ಅವಂದು, ಬಾಲ ಇವಂದು," ಎಂದಳು ಮಂಗಳಮ್ಮ. "ಒಟ್ಟೆ ಯಾರ್ದಪ್ಪಾ?"

ಇಬ್ಬರೂ ರೇವಣ್ಣನ ಕಡೆ ತಿರುಗಿದರು. ಅವನು ಹದಿನೇಳು ಪುಟವನ್ನೂ ಎರಡು ಸಲ ಮಗುಚಿದ. ಹಣೆಯಿಂದ ಇಳಿದ ಬೆವರಿಗೆ ಕಾವೇರಿ ಒಂದು ಗೇಣು ಏರಿತು.

"ಇದರಲ್ಲಿ ಎರಡು ಪಕ್ಷ ಇವೆ..."

"ಎರಡ್ ಪಕ್ಸಾನೂ ಇಲ್ಲೇ ನಿಂತವೆ ಕಣ್ಲಾ. ಟಗರು ಎಲ್ಲದೆ?" ಎಂದ ಮಾವ.

ಕೆಂಪಸಿದ್ದಯ್ಯ ಟವಲು ಕೊಡವಿ ಚಿಕ್ಕಬೋರಯ್ಯನ ಕೈಯ ಮೇಲೆ ಹೊದಿಸಿದ. ಒಳಗೆ ನಾಲ್ಕು ಸಲ ಏನೋ ಅಲುಗಾಡಿತು. ಅಷ್ಟೇ.

"ಎರಡ್ ಕಾಲು ನಂದಲ್ಲ, ಎರಡ್ ಕಾಲು ಅವಂದಲ್ಲ," ಎಂದ ಮಾವ. "ನಾಕೂ ನಿಂದು. ಇಡ್ಕೊಂಡ್ ಬಾ ಓಗು."

ಮುಂದಿನ ಎರಡು ಗಂಟೆಯಲ್ಲಿ ರೇವಣ್ಣ ಪೂನಾಕ್ಕೆ ಹೋಗಿಬರುವಷ್ಟು ಓಡಿದ. ಕೊನೆಗೆ ಏದುಸಿರು ಬಿಡುತ್ತ ಹುರುಳಿಹೊಲದ ಬದುವಿನಲ್ಲಿ ಕೂತಾಗ, ಟಗರು ತಾನಾಗಿ ಬಂದು ಅವನ ಕಂಕುಳಿನ ಕಾಗದ ಮೂಸಿತು. ಮೊದಲನೆಯ ಪುಟ ತಿಂದಿತು. ರುಚಿಯಾಗಿತ್ತೆಂದು ಕಾಣುತ್ತದೆ. ಪುಟಕ್ಕೊಂದಿಷ್ಟು ದೂರ ನಡೆಯಿತು. ಹದಿನೇಳನೆಯದನ್ನು ರೇವಣ್ಣ ಹರಿಗೋಲಿನ ನಡುವೆ ನಿಂತು ತೋರಿಸಿದಾಗ, ನಾಲ್ಕೂ ಕಾಲು ಒಟ್ಟಿಗೆ ಅಂಚು ದಾಟಿದವು.

ರೇವಣ್ಣ ದಡಕ್ಕೆ ಜಿಗಿದ. ಹರಿಗೋಲು ಆಚೆ ದಡ ಮುಟ್ಟುವುದನ್ನು ನೋಡುತ್ತ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಬುಡು, ಎಂಗೋ ನಿನ್ ಕಾಗ್ದದಿಂದ್ಲೇ ದಾಟ್ತು. ಪೂನಾಕ್ ಓಗೀಯಂತೆ. ಕೊಡಿಲ್ಲಿ ಕೈಯ. ಇನ್ನೆಷ್ಟ್ ವರ್ಸ? ನೀನ್ ಇಡ್ದಷ್ಟು ಬೆರಳು ನಿಮ್ಮಪ್ಪಂಗೆ ಒಪ್ಪುಸ್ತೀನಿ."

ಟವಲಿನ ಕೆಳಗೆ ರೇವಣ್ಣ ಮಾವನ ಒಂದು ಬೆರಳು ಹಿಡಿದ. ಆಮೇಲೆ ಮೆಲ್ಲಗೆ ಇನ್ನೊಂದನ್ನೂ ಹಿಡಿದ.

ಮಾವನ ನಗು ನಿಂತಿತು. ಕೈ ಮಾತ್ರ ಬಿಡಲಿಲ್ಲ. "ಎರಡು! ಸರಿ, ಇಡ್ದಾಯ್ತಲ್ಲ, ಎರಡೇಯ. ಆದ್ರೆ ಜಗಲಿ ಮ್ಯಾಲೆ ಒಂದು ಅಂದಿದ್ಯಲ್ಲೋ?"

"ಪೇಲಾದೆ ಕಣ್ ಮಾವ," ಎಂದ ರೇವಣ್ಣ, ತಲೆ ತಗ್ಗಿಸಿ. "ಪರೀಕ್ಸೇಲಿ, ಅಡಗಿನ ಅಂಚಲ್ಲಿ ನೇತಾಡ್ತಿದ್ದ ಸರಕು ಬಿದ್ದೋದ್ರೆ ಯಾರ್ದು ಅಂತ ಕೇಳಿದ್ರು. ಇಪ್ಪತ್ತು ಪುಟ ಬರ್ದೆ. ಯಾರ್ದು ಅಂತ ಮಾತ್ರ ಬರೀನಿಲ್ಲ."