ಎರಡನೇ ಸಲ ಕೇಳದ ಲೋಕ

ಟೀಚರ್ ಕೆಲಸದಲ್ಲಿ ನಗೋ ಪ್ರಸಂಗಗಳಿಗೆ ಬರವೇ ಇಲ್ಲ. ಆದರೆ ಒಂದೊಂದು ಸಲ ಮಕ್ಕಳೆಲ್ಲ ನಕ್ಕು ಮುಗಿಸಿದ ಮೇಲೆ ಗೊತ್ತಾಗುತ್ತೆ, ಬಿದ್ದದ್ದು ನಾವೇ ಅಂತ.

ತಮಿಳುನಾಡಿನ ಗಡಿಯಲ್ಲಿರೋ ಕೆಲಮಂಗಲದ ಪಕ್ಕದ ಹಳ್ಳಿಯ ಕನ್ನಡ ಶಾಲೆಯಲ್ಲಿ ನಾನು ಇಂಗ್ಲಿಷ್ ಟೀಚರು. ತಾತ್ಕಾಲಿಕ. ಒಂಬತ್ತು ವರ್ಷದಿಂದ ತಾತ್ಕಾಲಿಕ! ಪ್ರತಿ ವರ್ಷ ಮೇಲಿನವರು ಸಹಿ ಹಾಕಿದರೆ ಮಾತ್ರ ಮುಂದಿನ ವರ್ಷ ಕೆಲಸ. ಅಂಥಾದ್ದರಲ್ಲಿ ಶಾಲೆಗೆ ಕಣ್ಣಿಗೆ ಕಟ್ಟಿಕೊಳ್ಳೋ ಡಬ್ಬಿಯೊಂದು ಬಂತು. ಕಟ್ಟಿಕೊಂಡರೆ ಒಳಗೆ ಬೇರೆ ಲೋಕ, ಅಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡೋರೇ. ಇನ್ನು ನಾನ್ಯಾಕೆ ಬೇಕು ಅಂತ ಭಯ ಶುರುವಾಯ್ತು.

೧. ಅಭಿಪ್ರಾಯ

ಕೃಷ್ಣಗಿರಿಯಲ್ಲಿ ಆ ಡಬ್ಬಿ ಬಳಸೋ ತರಬೇತಿ. ಕೊನೆಗೆ ಭಾಷಾ ಟೀಚರುಗಳೆಲ್ಲ ಅಭಿಪ್ರಾಯ ಹೇಳಬೇಕಿತ್ತು. ತಮಿಳು ಮೇಡಂ, "ಮಕ್ಕಳಿಗೆ ನಾಚಿಕೆ ಬಿಟ್ಟೋಗುತ್ತೆ, ಒಳ್ಳೇದೇ" ಅಂದರು. ತೆಲುಗು ಮೇಷ್ಟರು, "ನನ್ನ ಭಾಷೆಗೂ ಇದು ಬಂದ್ರೆ ನಾನು ಮನೆಗೆ" ಅಂದರು. ನಾನು ಡಬ್ಬಿ ಕಟ್ಟಿಕೊಂಡೇ ಎದ್ದು, ಇದು ಟೀಚರ್ ಜೊತೆಗಿರಬೇಕು, ಟೀಚರ್ ಬದಲಿಗಲ್ಲ ಅಂತ ಹತ್ತು ನಿಮಿಷ ವಾದ ಮಾಡಿದೆ. ಬಿಚ್ಚಿ ನೋಡಿದರೆ ಎಲ್ಲರೂ ಊಟಕ್ಕೆ ಹೋಗಿದ್ದರು.

೨. ಹೊಸಿಲು

ಡಬ್ಬಿಯೊಳಗೆ ಒಂದು ಮನೆ. ಬಾಗಿಲು ತೆಗೆದ ಹೆಂಗಸು "ಒಳಗೆ ಬಾ" ಅಂತಾಳೆ, ಹೋಗಿ ಮಾತಾಡಬೇಕು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಹೊಸಿಲಲ್ಲೇ ನಿಂತುಬಿಟ್ಟಳು.

"ಯಾಕೇ, ಒಳಗೆ ಹೋಗು."

"ಇದ್ರೊಳ್ಗೆ ನಂಗೆ ಬೂಟು ಹಾಕ್ಬುಟ್ಟವ್ರೆ ಮಿಸ್, ಬಿಚ್ಚಕ್ಕಾಯ್ತಿಲ್ಲ. ಮನೆಯೊಳಕ್ಕೆ ಹೆಂಗೋಗ್ಲಿ?"

ಅವತ್ತಿನ ಪೀರಿಯಡ್ಡೆಲ್ಲ ಬಾಗಿಲಲ್ಲೇ ಮುಗೀತು.

೩. ಟೀ

ಮಾರನೇ ದಿನ ಹೇಗೋ ಎಲ್ಲರೂ ಒಳಗೆ ಹೋದರು. ಆ ಹೆಂಗಸು ಟೀ ಕುಡೀತೀಯಾ ಅಂದಳು. ಮಕ್ಕಳೆಲ್ಲ ಒಬ್ಬೊಬ್ಬರಾಗಿ "ನೋ, ನೋ" ಅಂದರು. ನಮ್ಮ ಕಡೆ ಅಷ್ಟೇ ತಾನೆ? ಎರಡು ಸಲ ಬೇಡ ಅನ್ನಬೇಕು, ಅವರು ಬಲವಂತ ಮಾಡಬೇಕು, ಮೂರನೇ ಸಲಕ್ಕೆ ಲೋಟ ಹಿಡೀಬೇಕು. ಆ ಹೆಂಗಸೋ, "ಗುಡ್ ಬೈ" ಅಂತ ಆಚೆ ಕಳಿಸಿ ಬಾಗಿಲು ಹಾಕಿಕೊಂಡಳು. ಇಡೀ ಕ್ಲಾಸು ಫೇಲು.

"ಏನ್ ಜನ ಮಿಸ್, ಇನ್ನೊಂದ್ ಕಿತ ಕೇಳ್ಬಾರ್ದಾ?" ಅಂದಳು ಅದೇ ಹುಡುಗಿ.

ಒಂದು ವಾರ ಕೂತು ಉರು ಹೊಡೆಸಿದೆ: "ಆಸೆಯಿದ್ರೆ ಮೊದಲ್ನೇ ಸಲಾನೇ ಎಸ್ ಅನ್ನಿ. ಈ ಲೋಕದಲ್ಲಿ ಎರಡನೇ ಸಲ ಯಾರೂ ಕೇಳಲ್ಲ."

೪. ಸಹಿ

ವರ್ಷದ ಕೊನೆಗೆ ಅಧಿಕಾರಿ ಬಂದರು. ಮಕ್ಕಳೆಲ್ಲ "ಎಸ್" ಅಂದು ಟೀ ಗಿಟ್ಟಿಸಿದರು. ಅಧಿಕಾರಿಗೆ ಖುಷಿಯೋ ಖುಷಿ. ಫೈಲು ಬಿಚ್ಚಿ, ಪೆನ್ನು ತೆಗೆದು, "ಮುಂದಿನ ವರ್ಷಾನೂ ಇಲ್ಲೇ ಇರ್ತೀರಾ ಮೇಡಂ?" ಅಂದರು.

ಒಂಬತ್ತು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಇರಬೇಕು ಅಂತ ನನಗೂ ಆಸೆಯಿತ್ತು. ಬಾಯಿ ಮಾತ್ರ ತನ್ನಷ್ಟಕ್ಕೆ, "ಅಯ್ಯೋ, ಬೇಡ ಬಿಡಿ ಸಾರ್, ನಿಮಗ್ಯಾಕೆ ತೊಂದ್ರೆ" ಅಂದಿತು.

ಕೈ ಕಟ್ಟಿಕೊಂಡು ಕಾದೆ. ಅವರು ಏನೋ ಬರೆದು ಸಹಿ ಹಾಕಿ ಜೀಪು ಹತ್ತಿದರು. ಹೆಡ್‌ಮಾಸ್ಟರು ಫೈಲು ನೋಡಿ ತಲೆ ಚಚ್ಚಿಕೊಂಡರು: "ಇಷ್ಟವಿಲ್ಲ ಅಂತ ಬರ್ದವ್ರೆ! ಏನಮ್ಮಾ ಹಿಂಗ್ಮಾಡ್ಬುಟ್ಟೆ?" ಆಮೇಲೆ ಎಷ್ಟು ಫೋನು ಮಾಡಿದರೂ ಆಗಲಿಲ್ಲ. ನನ್ನ ಜಾಗಕ್ಕೆ ಬೇರೆಯವರು ಬಂದರು.

ಕೊನೇ ದಿನ ಅಳು ತಡೆದುಕೊಂಡು ಬ್ಯಾಗು ತುಂಬುತ್ತಿದ್ದೆ. ಆ ಹುಡುಗಿ ಬಂದು ನಿಂತಳು. ಅವಳ ಕಣ್ಣೂ ತುಂಬಿತ್ತು.

"ನಮಗೆ ಒಂದ್ ವಾರ ಹೇಳ್ಕೊಟ್ರಲ್ಲ ಮಿಸ್," ಅಂದಳು, "ನೀವ್ಯಾಕೆ ಓದ್ಕೊಂಡ್ ಬರ್ಲಿಲ್ಲ?"