ವತ್ಸಲಾಗೆ ಇನ್ನೊಂದು ಕೋಟ್

ಟಕ್, ಟಕ್, ಟಕ್! ಚಿಕ್ಕಬಾಣಾವರದ ಕೆರೆ ಏರಿಯ ಕಲ್ಲಿಗೆ ನಾನು ಬಣ್ಣದ ಶೀಶೆ ಕುಟ್ಟುತ್ತಿದ್ದೆ. ಮುಚ್ಚಳ ಕಚ್ಚಿಕೊಂಡು ಕೂತಿತ್ತು. ನಾನೇನು ಸಾಮಾನ್ಯನೇ? ಪೀಣ್ಯದ ಕಾರ್ಖಾನೆಯೊಂದರ ಪೇಂಟ್ ಶಾಪ್ ಸೂಪರ್‌ವೈಸರ್! ಆನೆ ಗಾತ್ರದ ಯಂತ್ರಗಳಿಗೇ ಬಣ್ಣ ಹೊಡೆಸಿದವನು ಒಂದು ಕೆರೆಗೆ ಹೆದರುತ್ತೇನೆಯೇ? ಇನ್ನು ಭಾನುವಾರವೆಲ್ಲ ಬಯಲಲ್ಲಿ ಕೂತು ನಿಸರ್ಗವನ್ನು ಹಾಳೆಯ ಮೇಲೆ ಹಿಡಿದುಹಾಕುವುದೆಂದು ಪಣ ತೊಟ್ಟಿದ್ದೆ. ಕೈಯಲ್ಲಿದ್ದದ್ದು ಗ್ವಾಶ್ ಬಣ್ಣ. ನೀರಿನಲ್ಲೇ ಕಲಸುವುದು, ಆದರೆ ಅಡಿಯಲ್ಲಿರುವುದನ್ನು ಪೂರ್ತಿ ಮುಚ್ಚಿಬಿಡುವಷ್ಟು ದಟ್ಟ. ನಮ್ಮ ಪೇಂಟ್ ಶಾಪಿನ ಧರ್ಮವೂ ಅದೇ. ತಪ್ಪಾಯಿತೇ? ಇನ್ನೊಂದು ಕೋಟ್!

ನನ್ನ ಹೆಂಡತಿ ವತ್ಸಲಾ ಬದನೆಕಾಯಿ ಬಣ್ಣದ ರೇಷ್ಮೆ ಸೀರೆ ಉಟ್ಟು ಏರಿಯ ಮೇಲೆ ದೂರದಲ್ಲಿ ನಿಂತಿದ್ದಳು. ನಮ್ಮ ಮದುವೆ ಫೋಟೋದಲ್ಲಿ ಅವಳ ಮುಖವನ್ನು ಮುಂದೆ ನಿಂತ ಸೋದರಮಾವನ ತಲೆಯ ರುಮಾಲು ನುಂಗಿಬಿಟ್ಟಿತ್ತು. ಗೋಡೆಯ ಮೇಲೆ ತನ್ನದೊಂದು ಚಿತ್ರ ಬೇಕೆಂದು ಅವಳು ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು.

"ಮುಖ ಚೆನ್ನಾಗಿ ಕಾಣ್ಬೇಕು ಕಣ್ರೀ!" ಎಂದು ಅಲ್ಲಿಂದಲೇ ಕೂಗಿದಳು.

"ಇಡೀ ಕೆರೆ ಬರೆಯೋವಾಗ ನಿನ್ನ ಮುಖ ಸಾಸಿವೆ ಕಾಳಷ್ಟು ಬರತ್ತೆ ಕಣೆ!"

"ಸಾಸಿವೆ ಆದ್ರೂ ನಂದೇ ಇರ್ಲಿ!"

ಸೀರೆಯ ಬಣ್ಣ ಹಸಿಯಾಗಿದ್ದಾಗ ಸೊಗಸಾಗಿತ್ತು. ಒಣಗುತ್ತಲೇ ಕಲ್ಲಿಗೆ ಒಗೆದ ಬಟ್ಟೆಯ ಹಾಗೆ ಬಿಳಿಚಿಕೊಂಡಿತು. ಇನ್ನೊಂದು ಕೋಟ್! ಸೊಂಟ ದಪ್ಪಗಾಯಿತು. ಅದನ್ನು ಇಳಿಸಲು ಪಕ್ಕದಿಂದ ಆಕಾಶದ ಬಣ್ಣ ಹೊಡೆದೆ. ಒಂದು ಕೈ ಹೋಯಿತು. ಕೈ ಕೊಟ್ಟೆ; ಭುಜ ಊದಿತು. ಬಿಸಿಲು ಇಳಿಯುತ್ತ ಬಂತು. ವತ್ಸಲಾ ಕಾಲು ಬದಲಿಸುತ್ತ, ನಗುವನ್ನು ಮಾತ್ರ ಜಾರದಂತೆ ಹಿಡಿದುಕೊಂಡು ನಿಂತಿದ್ದಳು. ಆ ನಗುವಿಗೆ ಹೆದರಿ ನಾನು ಮತ್ತಷ್ಟು ಮೆತ್ತಿದೆ. ಕೊನೆಗೆ ಬೇರೆ ದಾರಿ ಕಾಣದೆ, ಅವಳಿದ್ದ ಜಾಗದಲ್ಲಿ ಭರ್ಜರಿಯಾಗಿ ಒಂದು ಹೊಂಗೆ ಮರ ಎಬ್ಬಿಸಿದೆ!

ಎಮ್ಮೆ ಮೇಯಿಸುತ್ತಿದ್ದ ಪಿಳ್ಳಮ್ಮ ಬೆನ್ನ ಹಿಂದೆ ಬಂದು ಬಗ್ಗಿ ನೋಡಿದಳು.

"ಮರ ಸಂದಾಕೈತೆ ಸಾಮಿ. ಅಮ್ಮಾವ್ರೆಲ್ಲಿ?"

"ಮೆಲ್ಲಗೆ ಮಾತಾಡಮ್ಮ! ಮರದ ಅಡೀಲಿದ್ದಾರೆ."

"ನೆಳ್ಳಾಗಾ?"

"ಅಲ್ಲಮ್ಮ... ಬಣ್ಣದ ಅಡೀಲಿ."

"ಅಯ್ಯೋ ಶಿವನೆ! ಅಮ್ಮಾವ್ರೇ, ನಿಮ್ಮುನ್ನ ಮುಚ್ಚಾಕ್ಬುಟ್ರು!"

ವತ್ಸಲಾ ಬಂದಳು. ನೋಡಿದಳು. "ನಾನೆಲ್ಲಿದ್ದೀನಿ?" ಎಂದಳು. ನಾನು ಬೆರಳಿಟ್ಟು ತೋರಿಸಿದೆ. ಆ ಹಸಿರನ್ನು ಅವಳು ತುದಿಬೆರಳಿನಿಂದ ಮೆಲ್ಲನೆ ಮುಟ್ಟಿದಳು.

"ಅಲ್ಲಿ ಮಾವನ ರುಮಾಲು, ಇಲ್ಲಿ ಹೊಂಗೆ ಮರ."

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವಾಯಿತು.

"ಇನ್ನೊಂದು ಕೋಟ್ ಹಾಕಿ ಮರ ತೆಗೆದ್ಬಿಡ್ತೀನಿ ಕಣೆ..."

"ಬೇಡಿ. ಆಮೇಲೆ ಕೆರೇನೂ ಹೋಗತ್ತೆ."

ಊಟದ ಕ್ಯಾರಿಯರ್ ಎತ್ತಿಕೊಂಡು ಏರಿಯ ಮೇಲೆ ಹೊರಟೇಬಿಟ್ಟಳು. ಇಳಿಬಿಸಿಲು ಸೀರೆಯ ಮೇಲೆ ಬಿತ್ತು. ಬದನೆಕಾಯಿ ಬಣ್ಣದ ಒಂದು ಎಳೆ, ಮೇಲೊಂದು ಕಪ್ಪು ಚುಕ್ಕಿ. ಅಷ್ಟು ಬರೆದಿದ್ದರೇ ಅದು ವತ್ಸಲಾ ಎಂದು ಯಾರಾದರೂ ಹೇಳಬಹುದಿತ್ತು. ಗಡಬಡಿಸಿ ಕುಂಚ ಅದ್ದಿದೆ.

"ವತ್ಸಲಾ! ಹಾಗೇ ನಿಂತ್ಕೊಳ್ಳೆ!"

"ನಿಂತಿದ್ದು ಸಾಕು. ಹೋಗ್ತಿರೋಳನ್ನೇ ಬರೀರಿ!"

"ಬೆನ್ನು ಮಾತ್ರ ಕಾಣ್ತಿದೆಯಲ್ಲೆ!"

"ಚೆನ್ನಾಗಿ ನೋಡ್ಕೊಳ್ಳಿ! ಎಲ್ಲಿಗೆ ಹೋದ್ರೂ ನೀವು ಮುಂದೆ, ನಾನು ಹಿಂದೆ. ನನ್ನ ಬೆನ್ನು ನೀವು ನೋಡ್ತಿರೋದು ಇವತ್ತೇ ಮೊದಲು!"

"ಹಾಗಲ್ಲ ಕಣೆ, ನಾನು..." ಎಂದು ನಾನು ಕುಂಚವನ್ನು ಹಾಳೆಗೆ ತಾಗಿಸುವಷ್ಟರಲ್ಲಿ ಅವಳು ಏರಿ ಇಳಿದು ರೈಲ್ವೆ ಸ್ಟೇಷನ್ನಿನ ದಾರಿ ಹಿಡಿದಾಗಿತ್ತು.